ತಗಡಿನ ಕೆಳಗೆ ಒಂಬತ್ತು ದಿನ

ಆ ಮೇ ತಿಂಗಳಲ್ಲಿ ತಂಗಿಯ ಮಗುವಿಗೆ ಒಂಬತ್ತು ದಿನ. ಸುರಪುರದ ನಮ್ಮ ಮನೆಯ ಮಣ್ಣಿನ ಮಾಳಿಗೆಯನ್ನು ಹಿಂದಿನ ವರ್ಷವಷ್ಟೇ ಕೆಡವಿ ತಗಡು ಹಾಕಿಸಿದ್ದೆವು. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಂತೆ ಸೂರಿನ ಮೇಲೆ ಸವಳು ಮಣ್ಣು ಹೊತ್ತು ಹಾಕುವ ಕೆಲಸ ತಪ್ಪಲಿ ಎಂದು ಹಟ ಹಿಡಿದವನು ನಾನೇ. ಬಿಸಿಲು ತಡೆಯಲೆಂದು ತಗಡಿನ ಕೆಳಗೆ ಥರ್ಮಾಕೋಲ್ ಹಾಳೆ ಬಡಿಸಿದವನೂ ನಾನೇ.

ಅವ್ವ ಪದ್ಧತಿಯಂತೆ ಬಾಣಂತಿಯ ಕೋಣೆ ಮುಚ್ಚಿದ್ದಳು. ಕಿಟಕಿಯ ಸಂದಿಗೆ ಹಳೆಯ ಸೀರೆ, ಬಾಗಿಲಿಗೆ ಕಂಬಳಿ. ಫ್ಯಾನ್ ಹಾಕುವಂತಿಲ್ಲ. ಶಹಾಪುರದಲ್ಲಿ ಪತ್ರಿಕೆಯ ಕೆಲಸ ಮುಗಿಸಿ ಮಧ್ಯಾಹ್ನ ಬಂದವನು ಕೈ ಎತ್ತಿ ಥರ್ಮಾಕೋಲ್ ಮುಟ್ಟಿದೆ. ಬಿಸಿಯಿತ್ತು. ಅದು ಕಾವನ್ನು ತಡವಾಗಿ ಇಳಿಸಿತ್ತು, ನಿಲ್ಲಿಸಿರಲಿಲ್ಲ. ಇಳಿದದ್ದು ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಮಗು ಅಳುತ್ತಿರಲಿಲ್ಲ. ಅದಕ್ಕೇ ಹೆದರಿದೆ.

“ಮುಂಜಾನಿಂದ ಎರಡೇ ಸಲ ಹಾಲು ಕುಡದದ,” ಎಂದಳು ತಂಗಿ.

ನಾನು ಕಿಟಕಿಯ ಸೀರೆಗೆ ಕೈ ಹಾಕಿದೆ.

“ತಗೀಬ್ಯಾಡ ತಮ್ಮಾ, ಗಾಳಿ ಸೋಕ್ತದ. ನಿನ್ನೂ ಹಿಂಗೇ ಬೆಳಸೀನಿ,” ಎಂದಳು ಅವ್ವ.

“ಆಗ ಮ್ಯಾಲ ಮಾಳಿಗಿ ಇತ್ತಬೇ.”

“ಕೆಡವಿದವ್ರು ಯಾರು?”

ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ವೈದ್ಯರು ಪರೀಕ್ಷಿಸಿ ಕೇಳಿದ್ದು ಒಂದೇ: “ಎಲ್ಲಿ ಮಲಗಸ್ತೀರಿ?” ಹೇಳಿದೆವು. “ತಂಪಿನ ಜಾಗಾದಾಗ ಇಟ್ಟು ಹಾಲು ಕುಡಸ್ರಿ. ಸಂಜೀತನ ಹಿಂಗೇ ಇದ್ರ ತಿರುಗಿ ಕರ್ಕೊಂಡು ಬರ್ರಿ.”

ಎದುರು ಮನೆಯ ಮುದುಕಿಯದು ಇನ್ನೂ ಮಣ್ಣಿನ ಮಾಳಿಗೆ. ವಿಷಯ ತಿಳಿದು ತಾನೇ ಬಾಗಿಲು ತೆಗೆದಳು. “ಪೇಪರ್‌ದಾಗ ಊರಿಗೆಲ್ಲ ಬಿಸಿಲಿನ ಬುದ್ಧಿ ಹೇಳ್ತಿ. ನಿಮ್ಮ ಮನಿ ತಗಡು ಕಾಣ್ಲಿಲ್ಲೇನೋ? ತಾ ಇಲ್ಲಿ ಕೂಸಿನ್ನ.”

ಒಳಗೆ ಮೊಳದಷ್ಟು ದಪ್ಪ ಮಣ್ಣಿನ ಕೆಳಗೆ ಉಸಿರು ಹಗುರಾಯಿತು. ಮಗು ಮಾತ್ರ ಹಾಲಿಗೆ ಬಾಯಿ ತೆರೆಯಲಿಲ್ಲ. ಅವ್ವ ಇಲ್ಲಿಯೂ ಕಿಟಕಿಯ ಕಡೆ ನೋಡಿದಳು. ಆದರೆ ಮನೆಯಿಂದ ತಂದ ಹಳೆಯ ಸೀರೆ ಅವಳ ಕೈಯಲ್ಲೇ ಉಳಿಯಿತು.

ನಾಲ್ಕೂವರೆಗೆ ಕಕ್ಕೇರಾ ದಿಕ್ಕಿನಲ್ಲಿ ಮೋಡ ಕಪ್ಪಾಯಿತು. ಮುದುಕಿ ಅಂಗಳದ ಸವಳು ಮಣ್ಣಿನ ರಾಶಿಯನ್ನು ತೋರಿಸಿದಳು. “ಈ ವರ್ಷದ್ದು ಇನ್ನೂ ಏರಿಲ್ಲ. ಮಳಿ ಬಂದ್ರ ಬಾಣಂತಿ ಮ್ಯಾಲೇ ಸೋರ್ತದ.”

ಬುಟ್ಟಿ ತುಂಬಿ ಏಣಿ ಹತ್ತಿದೆ. ಎಷ್ಟನೆಯ ಬುಟ್ಟಿಯೋ ಲೆಕ್ಕವಿಲ್ಲ. ಮೊದಲ ಹನಿಗಳು ಬೀಳುವಾಗ ಬೆಳಕಿಂಡಿಯಿಂದ ಮಗುವಿನ ಅಳು ಮೇಲೆ ಬಂತು, ಗಟ್ಟಿಯಾಗಿ, ಹಸಿದ ಅಳು. ನಾನು ಬುಟ್ಟಿ ಇಳಿಸಿ ಬಗ್ಗಿದೆ.

ಕೆಳಗಿನಿಂದ ಮುದುಕಿ ಕೂಗಿದಳು: “ಕುಡೀತದ ಬಿಡು. ನೀ ಮಣ್ಣು ಹಾಕು.”