ಬೇಲಿಯ ಪೆಟ್ಟಿಗೆ ತೆರೆದ ವರ್ಷ

ನಾನು ಕೆಲಸ ಮಾಡುವ ಸಂಘ ಚಿಕ್ಕದು. ಕೊಂಡ ವಸ್ತುವಿನ ಮೇಲೆ ಕೊಂಡವರಿಗೇ ಹಕ್ಕಿರಬೇಕು, ಅದರೊಳಗಿನ ತಂತ್ರಾಂಶವನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಿಕೊಳ್ಳುವಂತಿರಬೇಕು ಎಂದು ದುಡಿಯುವ ನಾಲ್ಕಾರು ಜನ ನಾವು. ವರ್ಷವೆಲ್ಲ ಒಂದಲ್ಲ ಒಂದು ಜಗಳ ಇದ್ದೇ ಇರುತ್ತದೆ. ಶಾಲೆಯ ಹಳೇ ಕಂಪ್ಯೂಟರುಗಳಿಗೆ ಕನ್ನಡ ಮೂಡುವ ಮುಕ್ತ ತಂತ್ರಾಂಶ ಹಾಕಿಕೊಡುತ್ತೇವೆ, ಫೋನ್ ನಂಬರ್ ಕೊಡದಿದ್ದರೆ ಬಿಲ್ಲಿಲ್ಲ ಎನ್ನುವ ಅಂಗಡಿಯವರೊಡನೆ ವಾದಿಸುತ್ತೇವೆ, ರಿಪೇರಿಗೆ ಒಪ್ಪದ ಕಂಪನಿಗಳಿಗೆ ನೋಟಿಸು ಕಳಿಸುತ್ತೇವೆ. ಇವೆಲ್ಲ ಪೇಟೆಯವರ ತಂಟೆ ಎಂದೇ ನಮ್ಮ ಮನೆಯವರು ತಿಳಿದಿದ್ದರು. ಗಡಿಯಾಚೆ ತಮಿಳುನಾಡಿಗೆ ಸೇರಿದ ಜೀರಹಳ್ಳಿಯ ದೊಡ್ಡವ್ವನ ಬೇಲಿ ನಿಂತುಹೋದ ಮೇಲೆ ಆ ಮಾತು ನಿಂತಿತು.

ದೊಡ್ಡವ್ವ ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೂ ಕಾಡಂಚಿನ ಹೊಲವನ್ನು ತಾನೇ ಮುಂದೆ ನಿಂತು ಮಾಡಿಸುತ್ತಿದ್ದಳು. ಸುತ್ತಲೂ ಸೋಲಾರ್ ಬೇಲಿ ಹಾಕಿಸಿದ್ದಳು. ಬಿಸಿಲಿಗೆ ಬ್ಯಾಟರಿ ತುಂಬಿಕೊಳ್ಳುತ್ತದೆ. ಅದರ ಪಕ್ಕದ ಪೆಟ್ಟಿಗೆ ತಂತಿಗೆ ಬಿಟ್ಟು ಬಿಟ್ಟು ಸಣ್ಣ ಏಟು ಕೊಡುತ್ತದೆ. ಮುಟ್ಟಿದ ಆನೆ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಆದರೆ ಆ ಪೆಟ್ಟಿಗೆಯನ್ನು ಕಂಪನಿಯ ಆ್ಯಪ್‌ನಿಂದಲೇ ನಡೆಸಬೇಕಿತ್ತು.

ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಕೂಸು, ಬೇಲಿ ನಿಂತೋಗದ ಕಣವ್ವ. ಫೋನ್ನಲ್ಲಿ ಏನೋ ಕೆಂಪಗೆ ತೋರಿಸ್ತದ. ಜ್ವಾಳ ಆಲ್ ತುಂಬ್ಕಂಡದ, ಆನೆ ಬರಾ ಒತ್ತು."

ಹೋಗಿ ಅವಳ ಫೋನು ನೋಡಿದೆ. ಈ ಮಾದರಿಯ ಪೆಟ್ಟಿಗೆಗೆ ಸೇವೆ ಮುಗಿದಿದೆ, ಹೊಸದನ್ನು ಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕಂಪನಿಗೆ ಫೋನ್ ಮಾಡಿದರೆ ಒಬ್ಬಳು ಹುಡುಗಿ ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಅದನ್ನೇ ಹೇಳಿದಳು. ಬೇರೆ ಯಾರಾದರೂ ಪೆಟ್ಟಿಗೆ ಬಿಚ್ಚಿದರೆ ಕೇಸು ಹಾಕುತ್ತೇವೆ ಎಂದೂ ಸೇರಿಸಿದಳು.

"ಪೆಟ್ಗೆ ಚೆನ್ನಾಗದ, ತಂತಿ ಚೆನ್ನಾಗದ, ಬಿಸ್ಲೂ ಬೀಳ್ತದ," ಎಂದಳು ದೊಡ್ಡವ್ವ. "ಇನ್ಯಾತಕ್ಕವ್ವ ನಿಂತದು?"

"ಅವರು ಅಲ್ಲಿಂದ್ಲೇ ನಿಲ್ಲಿಸಿದ್ದಾರೆ ದೊಡ್ಡವ್ವ."

"ನನ್ ಒಲದ ಬೇಲೀನ ನಿಲ್ಸಕೆ ಅವ್ರ್ಯಾರು?"

ಅಷ್ಟರಲ್ಲಿ ಪಕ್ಕದ ಹೊಲದವನು ಬಂದು, ಕಂಬದಿಂದ ನೇರವಾಗಿ ಕರೆಂಟು ಎಳೆದುಬಿಡೋಣ, ಒಂದು ಸಲ ತಗುಲಿದರೆ ಆನೆ ಮತ್ತೆ ಈ ಕಡೆ ಬರುವುದಿಲ್ಲ ಎಂದ. ದೊಡ್ಡವ್ವ ಅವನನ್ನು ಅಲ್ಲೇ ತಡೆದಳು.

"ಬ್ಯಾಡ ಕಣ್ಲಾ. ಅದು ಸತ್ತು ಬಿದ್ರೆ ಆಮೇಲೆ ಈ ಒಲದ ಅನ್ನ ನನ್ಗೆ ಇಳಿದದಾ?"

ಅವಳು ಬೇಡವೆಂದರೂ ಬೇರೆ ಯಾರಾದರೂ ಎಳೆದಾರು ಎಂಬ ಭಯ ನನಗೆ ಹತ್ತಿತು. ನಮ್ಮ ಸಂಘದ ವಕೀಲರು ಕೂಡಲೇ ಈರೋಡಿನ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟರು. ವಿಚಾರಣೆಯವರೆಗೂ ಹೊಲದವರು ಸರದಿಯ ಮೇಲೆ ಕಾವಲು ಕೂತು, ಪಟಾಕಿ ಸಿಡಿಸಿ ಹೇಗೋ ಬೆಳೆ ಉಳಿಸಿಕೊಂಡರು.

ಪೆಟ್ಟಿಗೆ ಮಾತ್ರ ಇವರದು, ಒಳಗಿನ ತಂತ್ರಾಂಶ ನಮ್ಮದು ಎಂದು ವಿಚಾರಣೆಯಲ್ಲಿ ಕಂಪನಿಯ ವಕೀಲರು ವಾದಿಸಿದರು. ಹೊರಗಿನವರು ಅದನ್ನು ಬದಲಿಸಿದಾಗ ಏಟು ಹೆಚ್ಚಾಗಿ ಆನೆ ಸತ್ತರೆ ಯಾರು ಹೊಣೆ ಎಂದೂ ಕೇಳಿದರು. ಈ ಎರಡನೆಯ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಅದರಲ್ಲಿ ನಿಜವಿತ್ತು.

ದೊಡ್ಡವ್ವನನ್ನು ಮಾತಾಡಲು ಕರೆದರು. ಅವಳಿಗೆ ತಮಿಳು ಬರುತ್ತದೆ, ಆದರೆ ಗಾಬರಿಯಲ್ಲಿ ಕನ್ನಡವೇ ಬಂತು. ನಾನು ಪಕ್ಕದಲ್ಲಿ ನಿಂತು ತಮಿಳಿಗೆ ತಿರುಗಿಸಿದೆ.

"ಸ್ವಾಮಿ, ಆನೆ ಸಾಯ್ಬಾರ್ದು ಅಂತ್ಲೇ ನಾನು ಈ ಪೆಟ್ಗೆ ತಕಂಡಿದ್ದು. ಇವ್ರು ನಿಲ್ಸ್‌ಬುಟ್ಟ ಮ್ಯಾಲೆ ಅಳ್ಳೀಲಿ ಕರೆಂಟ್ ಎಳಿ ಅಂತಾವ್ರೆ. ಅಂಗೆ ಎಳ್ದು ಆನೆ ಸತ್ರೆ, ಆ ಪಾಪ ಯಾರ್ಗೆ?"

ಆಯೋಗದ ಅಧ್ಯಕ್ಷರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ತೀರ್ಪು ಬರುವವರೆಗೆ ಪೆಟ್ಟಿಗೆ ಬಿಚ್ಚಿ ಬೇರೆ ತಂತ್ರಾಂಶ ಹಾಕಬಹುದು, ಆದರೆ ಅರಣ್ಯ ಇಲಾಖೆಯವರ ಎದುರಿಗೇ ಏಟನ್ನು ಅಳೆದು ತೋರಿಸಬೇಕು ಎಂದು ಆದೇಶಿಸಿದರು.

ಸತ್ಯಮಂಗಲದಿಂದ ನಮ್ಮ ಎಂಜಿನಿಯರ್ ಬಂದಳು. ಇಂಥ ಬೇಲಿಗಳಿಗೆಂದೇ ಬೇರೆ ಬೇರೆ ಊರಿನವರು ಕೂಡಿ ಬರೆದಿದ್ದ ಮುಕ್ತ ತಂತ್ರಾಂಶವನ್ನು ಅವಳೂ ತಿದ್ದಿ ಬೆಳೆಸಿದ್ದಳು. ಹೊಂಗೆ ಮರದ ನೆರಳಿನಲ್ಲಿ ಲ್ಯಾಪ್‌ಟಾಪ್ ತೆರೆದು ಪೆಟ್ಟಿಗೆಗೆ ವೈರು ಜೋಡಿಸಿದಳು. ದೀಪ ಒಮ್ಮೆ ಮಿನುಗಿ ಆರಿಹೋಯಿತು. ಅರಣ್ಯದ ಗಾರ್ಡು ನನ್ನ ಮುಖ ನೋಡಿದರು. ಅವಳು ಮಾತ್ರ ನೀರು ಕುಡಿದು, ಮೊದಲಿಂದ ಎಲ್ಲವನ್ನೂ ಓದಿ, ಒಂದು ಕಡೆ ತಿದ್ದಿ ಮತ್ತೆ ಹಾಕಿದಳು. ಈ ಸಲ ದೀಪ ಆರದೆ ಉರಿಯಿತು. ತಂತಿಗೆ ಮೀಟರು ಹಿಡಿದಳು. ಗಾರ್ಡು ಬಗ್ಗಿ ಓದಿದರು, ಇನ್ನೊಂದು ಕಂಬದ ಹತ್ತಿರ ಹೋಗಿ ಮತ್ತೆ ಓದಿದರು.

"ಸರಿಯಾಗಿದೆ," ಎಂದರು. "ಆನೆಗೇನೂ ಆಗಲ್ಲ."

ನಾನು ಬದುವಿನ ಮೇಲೆ ಕೂತು ವಕೀಲರಿಗೆ ಫೋನ್ ಮಾಡಿ ತಿಳಿಸಿದೆ.

ಹೊತ್ತು ಮುಳುಗುವ ಮುಂಚೆ ಲಂಟಾನ ಪೊದೆಯಿಂದ ಒಂದು ಹೆಣ್ಣಾನೆ ಮರಿಯೊಂದಿಗೆ ಹೊರಬಂತು. ನಾವೆಲ್ಲ ಹೊಲದ ಪಕ್ಕದ ದೊಡ್ಡವ್ವನ ಮನೆಯ ಜಗಲಿಗೆ ಸರಿದು ನಿಂತೆವು. ಆನೆ ಸೊಂಡಿಲು ಚಾಚಿ ತಂತಿ ಮುಟ್ಟಿತು, ಬೆಚ್ಚಿ ಹಿಂದೆ ಜರುಗಿತು, ಮರಿಯನ್ನು ಪಕ್ಕಕ್ಕೆ ಎಳೆದುಕೊಂಡು ಗಟ್ಟಿಯಾಗಿ ಘೀಳಿಟ್ಟಿತು. ಆಮೇಲೆ ಸೀದಾ ಕಾಡಿನ ಕಡೆ ನಡೆದುಹೋಯಿತು. ಅದರ ನಡಿಗೆಯಲ್ಲಿ ನೋವಿನ ಲಕ್ಷಣವೇ ಇರಲಿಲ್ಲ.

"ಓಗವ್ವ, ಓಗು. ಮರಿ ಕರ್ಕಂಡು ಓಗು," ಎಂದಳು ದೊಡ್ಡವ್ವ ಮೆಲ್ಲಗೆ. ನನಗೆ ಅಳು ಬಂತು. ಎಂಜಿನಿಯರ್ ಕೂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆ ವರ್ಷ ಪಣಕಹಳ್ಳಿಯಿಂದಲೂ ತಾಳಮಲೆಯಿಂದಲೂ ಇದೇ ಪೆಟ್ಟಿಗೆ ಕೊಂಡಿದ್ದವರು ನಮ್ಮನ್ನು ಹುಡುಕಿಕೊಂಡು ಬಂದರು. ಕೊನೆಗೆ ತೀರ್ಪೂ ನಮ್ಮ ಕಡೆಗೇ ಆಯಿತು. ಹಳೇ ಪೆಟ್ಟಿಗೆಗಳ ತಂತ್ರಾಂಶದ ಬೀಗ ತೆರೆಯುವ ಸಂಕೇತವನ್ನು ಕಂಪನಿಯು ಕೊಂಡವರಿಗೆ ಕೊಡಬೇಕು, ರಿಪೇರಿ ಮಾಡುವವರನ್ನು ಹೆದರಿಸಬಾರದು. ಆಯೋಗದ ಮೆಟ್ಟಿಲ ಮೇಲೆ ನಿಂತೇ ದೊಡ್ಡವ್ವನಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಒಳ್ಳೇದಾಯ್ತು ಬುಡು," ಎಂದಳು. "ನೀನು ಉಂಡ್ಯಾ?"

ಬೆಳಗಿನಿಂದ ಉಂಡಿರಲಿಲ್ಲ. ವಕೀಲರ ಜೊತೆ ಎದುರಿನ ಹೋಟೆಲಿಗೆ ಹೋಗಿ, ಎರಡೆರಡು ಸಲ ಅನ್ನ ಹಾಕಿಸಿಕೊಂಡು ನಿಧಾನವಾಗಿ ಉಂಡೆ.