ಭೀಮಕ್ಕನ ಗುಡ್ಡದ ಭಾನುವಾರಗಳು

ಬೆಳಗಿನ ಆರು ಗಂಟೆ. ಬಿಳಿಚೋಡಿನ ಕೆರೆಯ ಮೂಲೆಯಲ್ಲಿ ಭೀಮಕ್ಕ ಮೊಣಕಾಲುದ್ದದ ನೀರಿಗೆ ಇಳಿದಿದ್ದಾರೆ. ಹದಿನೈದು ದಿನದ ಹಿಂದೆ ಕಲ್ಲು ಹೇರಿ ಮುಳುಗಿಸಿಟ್ಟಿದ್ದ ಕತ್ತಾಳೆ ಪಟ್ಟೆಗಳ ಕಟ್ಟನ್ನು ಎಳೆದು ದಡಕ್ಕೆ ಹಾಕುತ್ತಾರೆ. ಕೊಳೆತ ಪಟ್ಟೆಯ ನಾತಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವರು ಪಟ್ಟೆಗಳನ್ನು ಒಂದೊಂದಾಗಿ ಬಂಡೆಯ ಮೇಲೆ ಹಾಸಿ ಕೊಡತಿಯಿಂದ ಬಡಿಯತೊಡಗುತ್ತಾರೆ. ಲೋಳೆ ಸಿಡಿದು ಹೋಗುತ್ತದೆ, ಒಳಗಿನ ಬಿಳಿ ನಾರು ಉಳಿಯುತ್ತದೆ.

"ಹತ್ರ ಬರಬ್ಯಾಡ್ರಿ ಗುಮಾಸ್ತ್ರೇ. ಈ ನೀರು ಸಿಡಿದ್ರೆ ಮೈಯೆಲ್ಲ ತುರಿಸ್ತೈತೆ," ಎನ್ನುತ್ತಾರೆ. "ನಂದು ಬಿಡ್ರಿ, ಚರ್ಮಕ್ಕೆ ರೂಢಿ ಆಗಿ ಹೋಗೈತೆ."

ಅವರ ಲೆಕ್ಕದಲ್ಲಿ ಅವರಿಗೀಗ ಐವತ್ತೆಂಟು. ಹೊಲದ ಬೇಲಿಗಳಿಂದ ದಿನಕ್ಕೆ ಅರವತ್ತು ಪಟ್ಟೆ ಕೊಯ್ಯುತ್ತಾರೆ. ಬಡಿದು, ತೊಳೆದು, ಒಣಗಿಸಿ, ಹೊಸೆದರೆ ವಾರಕ್ಕೆ ಎಂಟೋ ಒಂಬತ್ತೋ ಜೊತೆ ಕಣ್ಣಿ ಆಗುತ್ತವೆ. ದನ ಕಟ್ಟುವ ಈ ಕಣ್ಣಿಗಳನ್ನು ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋಗುತ್ತಾರೆ. ಮೊದಲೆಲ್ಲ ಮಧ್ಯಾಹ್ನದೊಳಗೆ ಬರಿಗೈಯಲ್ಲಿ ವಾಪಸಾಗುತ್ತಿದ್ದವರು ಈಗ ಅರ್ಧ ಹೊರೆ ಹೊತ್ತುಕೊಂಡೇ ಬರುತ್ತಾರೆ. ನೀಲಿ ಬಣ್ಣದ ನೈಲಾನ್ ಹಗ್ಗ ಸಂತೆಗೆ ಬಂದು ನಾಲ್ಕು ವರ್ಷವಾಯಿತು.

ಮುಂಚೆ ಅವರ ಕಸುಬು ಇಷ್ಟೇ ಇರಲಿಲ್ಲ. ಊರಿನ ಬಡಗಣ ಗುಡ್ಡದಿಂದ ಈಚಲ ಗರಿ ತಂದು ಚಾಪೆ ಹೆಣೆಯುತ್ತಿದ್ದರು, ಕಸ ಗುಡಿಸುವ ಬರಲು ಕಟ್ಟುತ್ತಿದ್ದರು. ಹಂಚಿಹುಲ್ಲು, ಗೆಡ್ಡೆ, ಔಷಧಿಯ ಬೇರು ಎಲ್ಲವೂ ಆ ಗುಡ್ಡದ್ದೇ. ಹಾಗೆ ನೋಡಿದರೆ ನಾನು ಹೊನ್ನಾಳಿಯಿಂದ ಇಲ್ಲಿಗೆ ಬಂದಿರುವುದೂ ಹಗ್ಗಕ್ಕಾಗಿ ಅಲ್ಲ, ಆ ಗುಡ್ಡಕ್ಕಾಗಿ.

ಎಪ್ಪತ್ತಾರರ ಮಳೆಗಾಲದಲ್ಲಿ ತ್ಯಾವಣಿಗೆಯ ಡ್ರಾಯಿಂಗ್ ಮೇಷ್ಟ್ರು ಪಂಚಾಕ್ಷರಪ್ಪ ಪ್ರಯಾಣ ಮಾಡುತ್ತಿದ್ದ ಬಸ್ಸು ಆ ಗುಡ್ಡದ ಬುಡದಲ್ಲಿ ಕೆಟ್ಟು ನಿಂತಿತು. ಮಳೆಗೆ ಜನ ಒಂದು ಬಂಡೆಯ ಮರೆಗೆ ಓಡಿದರು. ಅಲ್ಲಿ ಈಚಲ ಗರಿಯ ಹೊರೆ ಇಟ್ಟುಕೊಂಡು ಭೀಮಕ್ಕ ಕೂತಿದ್ದರು. ಎಲ್ಲರ ಬೆಂಕಿಪೊಟ್ಟಣವೂ ನೆನೆದಿತ್ತು. ಭೀಮಕ್ಕ ಸೊಂಟದ ಚೀಲದಿಂದ ಒಂದು ಬಿಳಿ ಕಲ್ಲು, ಕಬ್ಬಿಣದ ತುಂಡು, ಚಿಟಿಕೆ ಬೂರುಗದ ಅರಳೆ ತೆಗೆದು ಎರಡೇ ಏಟಿಗೆ ಕಿಡಿ ಹಿಡಿಸಿದರು. ಚಳಿಗೆ ನಡುಗುತ್ತಿದ್ದ ಬಾಣಂತಿಯೊಬ್ಬಳು ಆ ಬೆಂಕಿಗೆ ಮಗುವನ್ನು ಒಡ್ಡಿ ಕೂತಳು. ಮೇಷ್ಟ್ರು ಮುಂದಿನ ತಿಂಗಳು ಮತ್ತೆ ಬಂದರು, ಕೇವಲ ಅದನ್ನು ಕಲಿಯಲು.

"ನಿಮಗ್ಯಾಕ್ರೀ ಇದೆಲ್ಲ, ಅಂಗಡ್ಯಾಗೆ ಪೊಟ್ಟಣ ಸಿಗಾಕಿಲ್ವೇ ಅಂದೆ," ಎಂದು ಭೀಮಕ್ಕ ಈಗಲೂ ನಗುತ್ತಾರೆ. "ಇಲ್ಲಕ್ಕ, ಕೈಗೆ ಬರಬೇಕು ಅಂದ್ರು. ಬೆರಳು ಜಜ್ಜಿಕಂಡ್ರೇ ಹೊರತು ಬಿಡಲಿಲ್ಲ."

ಹಾಗೆ ಗುಡ್ಡದಲ್ಲಿ ಕಲಿಯುವವರ ಕೂಟವೊಂದು ಶುರುವಾಯಿತು. ಆ ಕೂಟಕ್ಕೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ತಿಂಗಳ ಎರಡನೇ ಭಾನುವಾರ ಬುತ್ತಿ ಕಟ್ಟಿಕೊಂಡು ಗುಡ್ಡದ ಬುಡಕ್ಕೆ ಬಂದವರೇ ಸದಸ್ಯರು. ಆಗ ಜಗಳೂರಿನಲ್ಲಿ ಗುಮಾಸ್ತನಾಗಿದ್ದ ನಾನು ಎಪ್ಪತ್ತೆಂಟರಲ್ಲಿ ಸೇರಿಕೊಂಡೆ. ಸವಳಂಗದಿಂದ ಅಂಚೆ ಕಚೇರಿಯ ಸಣ್ಣತಿಮ್ಮಪ್ಪ ಬರುತ್ತಿದ್ದರು. ಒಬ್ಬ ಬಸ್ ಕಂಡಕ್ಟರ್ ಇದ್ದರು. ಅವರ ನಿಜವಾದ ಹೆಸರು ಬರೆಯಬಾರದೆಂದು ಭೀಮಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಾಗರಾಜಪ್ಪ ಎಂದುಕೊಳ್ಳೋಣ.

ಒಣಗಿದ ಹಳ್ಳದ ಮರಳಿನಲ್ಲಿ ಎಲ್ಲಿ ತೋಡಿದರೆ ನೀರು ಬರುತ್ತದೆಂದು ಭೀಮಕ್ಕ ತೋರಿಸಿದರು. ಗುಡ್ಡದ ನೆತ್ತಿಯ ಕೆಳಗೆ ನಾವೆಲ್ಲ ಸೇರಿ ತೋಡಿದ ಒರತೆ ಬೇಸಿಗೆಯಲ್ಲೂ ಬತ್ತಲಿಲ್ಲ. ಮುತ್ತುಗದ ಎಲೆಯಲ್ಲಿ ನೀರು ಸೋರದ ದೊನ್ನೆ, ಸಿಕ್ಕ ನಾರಿನಲ್ಲಿ ಹಗ್ಗ, ಮಣ್ಣಿನ ಮೇಲೆ ಮೊಲದ ಹೆಜ್ಜೆ ಯಾವುದು ಮುಂಗುಸಿಯದು ಯಾವುದು ಎಂಬ ಗುರುತು, ಹೀಗೆ ತಿಂಗಳಿಗೊಂದು. ನಾವು ಓದಿದವರು, ಅವರು ಹೆಬ್ಬೆಟ್ಟು. ಆ ಬಂಡೆಗಳ ನಡುವೆ ಅದು ತಿರುಗುಮುರುಗಾಗುತ್ತಿತ್ತು. ಪಂಚಾಕ್ಷರಪ್ಪನವರು ಎಲ್ಲವನ್ನೂ ಚಿತ್ರ ಬರೆದು ಪುಸ್ತಕ ತುಂಬಿಸುತ್ತಿದ್ದರು.

ಒಂದು ವಿದ್ಯೆಯನ್ನು ಮಾತ್ರ ಭೀಮಕ್ಕ ಮುಚ್ಚಿಟ್ಟುಕೊಂಡಿದ್ದರು. ಅವರ ಅಪ್ಪ ಉರುಲು ಕಟ್ಟಿ ಗೌಜಗ, ಪುರಲೆ ಹಕ್ಕಿ ಹಿಡಿದು ಬದುಕಿದವರು. ಕುದುರೆ ಬಾಲದ ಕೂದಲು ಹೊಸೆದು ಅವರು ಹಾಕುತ್ತಿದ್ದ ಗಂಟು ಸುತ್ತಲಿನ ಹಳ್ಳಿಗಳಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ಹಕ್ಕಿ ಹಿಡಿಯಬಾರದೆಂಬ ಕಾನೂನು ಬಂದ ಮೇಲೆ ಅಪ್ಪ ಬಿಟ್ಟರು, ಮಗಳೂ ಬಿಟ್ಟರು. ನಾವು ಕೇಳಿದಾಗಲೆಲ್ಲ ಮಾತು ತೇಲಿಸುತ್ತಿದ್ದರು.

ಎಂಬತ್ತೆರಡರಲ್ಲಿ ಅವರನ್ನು ಒಪ್ಪಿಸಿದವನು ನಾನು. "ನೀವು ತೋರಿಸದೇ ಹೋದರೆ ಆ ಗಂಟು ನಿಮ್ಮ ಜೊತೆಗೇ ಮಣ್ಣಾಗುತ್ತದೆ ಭೀಮಕ್ಕ" ಎಂದೆ. ಅವರು "ಗಂಟು ತೋರಿಸ್ತೀನಿ, ಹಕ್ಕಿ ಹಿಡಿಯಂಗಿಲ್ಲ," ಎಂದರು. ಉರುಲನ್ನು ನೆಲಕ್ಕೆ ಕಟ್ಟಿ, ಹಕ್ಕಿಯ ಕಾಲಿನ ಬದಲು ತಮ್ಮ ತೋರುಬೆರಳನ್ನೇ ಅದರೊಳಗೆ ನಡೆಸಿದರು. ಕೂದಲು ಬೆರಳನ್ನು ಕಚ್ಚಿ ಹಿಡಿಯಿತು.

"ಉರ್ಲು ಕಟ್ಟಿ ಮನಿಗೆ ಹೋಗಬಾರ್ದು," ಎಂದು ಅವತ್ತು ಎರಡೆರಡು ಸಲ ಹೇಳಿದರು. "ಕಟ್ಟಿದೋನು ಅಲ್ಲೇ ಕುಂತಿರಬೇಕು. ಎದ್ದು ಹೋಗಾಗ ಬಿಚ್ಚಿಕಂಡು ಹೋಗಬೇಕು. ನೀರಿನ ಹತ್ರ ಅಂತೂ ಕಟ್ಟಲೇಬಾರ್ದು. ನಮ್ಮಪ್ಪ ಹೊಟ್ಟಿಗಿಲ್ದಾಗ್ಲೂ ನೀರಿನ ದಡದಾಗೆ ಕಟ್ಟಲಿಲ್ಲ."

ನಮಗೆ ಯಾರಿಗೂ ಆ ಗಂಟು ಸರಿಯಾಗಿ ಬರಲಿಲ್ಲ. ಬಂದದ್ದು ನಾಗರಾಜಪ್ಪನವರಿಗೆ. ಅವರು ಎಡಗೈಯವರು. ಭೀಮಕ್ಕ ಅವರ ಎದುರಿಗೆ ಕೂತು, ಕನ್ನಡಿಯಲ್ಲಿ ಕಂಡ ಹಾಗೆ ಕೈ ನೋಡಿಕೊಂಡು ಮಾಡಿರೆಂದು ಕಲಿಸಿದರು. ಹಾಗಾಗಿ ನಾಗರಾಜಪ್ಪನವರ ಗಂಟಿನ ಹೊಸೆತ ಎಡಕ್ಕೆ ತಿರುಗಿರುತ್ತಿತ್ತು. ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ನೋಡಿ ತಮಾಷೆ ಮಾಡಿದ್ದೆ.

ಮರುವರ್ಷ ಏಪ್ರಿಲ್ ತಿಂಗಳ ಭಾನುವಾರ ನಾವು ನಾಲ್ವರು ಗುಡ್ಡ ಹತ್ತಿದೆವು. ನಾಗರಾಜಪ್ಪ ಬಂದಿರಲಿಲ್ಲ. ಒರತೆಯ ಬಳಿ ಹೋಗುವಷ್ಟರಲ್ಲಿ ಮುಂದೆ ನಡೆಯುತ್ತಿದ್ದ ಭೀಮಕ್ಕ ನಿಂತುಬಿಟ್ಟರು. ನಾವೇ ತೋಡಿದ ನೀರಿನ ಸುತ್ತ ಅರವತ್ತೆರಡು ಉರುಲುಗಳಿದ್ದವು. ಹಕ್ಕಿ ಹಿಡಿಯುವವರು ಇದ್ದಾರೆಂದು ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಅರಣ್ಯದ ಗಾರ್ಡ್ ಒಬ್ಬರು ಊರಿನ ಇಬ್ಬರು ಹಿರಿಯರ ಜೊತೆ ನಮಗಿಂತ ಮೊದಲೇ ಅಲ್ಲಿಗೆ ಬಂದು ಅವನ್ನು ಎಣಿಸಿದ್ದರು. ಹದಿನೇಳು ಹಕ್ಕಿಗಳು ಸಿಕ್ಕಿಕೊಂಡಿದ್ದವು. ಆರು ಮಾತ್ರ ಬದುಕಿದ್ದವು. ಉಳಿದವು ಸತ್ತು ಬಿಸಿಲಿಗೆ ಒಣಗಿ ಎರಡು ಮೂರು ದಿನವೇ ಆಗಿತ್ತು. ಭೀಮಕ್ಕ ಯಾರನ್ನೂ ಕೇಳದೆ ಕೂತು ಬದುಕಿದ್ದವುಗಳ ಕಾಲು ಬಿಡಿಸತೊಡಗಿದರು. ಎರಡು ಹಾರಿಹೋದವು. ನಾಲ್ಕಕ್ಕೆ ಕಾಲೇ ಹೋಗಿತ್ತು.

"ಈ ಗಂಟು ಯಾರದು?" ಎಂದು ಗಾರ್ಡ್ ಕೇಳಿದರು. ಊರವರು ಭೀಮಕ್ಕನ ಕಡೆ ನೋಡಿದರು. ಅವರ ಮನೆತನದ ಗಂಟನ್ನು ಗುರುತಿಸದವರು ಆ ಊರಿನಲ್ಲಿ ಇರಲಿಲ್ಲ.

ಭೀಮಕ್ಕ ಒಂದು ಉರುಲನ್ನು ಅಂಗೈಯಲ್ಲಿಟ್ಟು ನೋಡಿದರು. ನಾನೂ ನೋಡಿದೆ. ಹೊಸೆತ ಎಡಕ್ಕಿತ್ತು. ಅವರು ತಲೆಯೆತ್ತಿ ಪಂಚಾಕ್ಷರಪ್ಪನವರನ್ನು, ಸಣ್ಣತಿಮ್ಮಪ್ಪನವರನ್ನು, ಕೊನೆಗೆ ನನ್ನನ್ನು ನೋಡಿದರು. ನಾವು ಮೂವರೂ ಸರ್ಕಾರಿ ನೌಕರರು. ಆ ಗಂಟು ಕಲಿಯಲು ಕೂತವರು ನಾವೂ ಹೌದು ಎಂದು ಬಾಯಿಬಿಟ್ಟರೆ ಏನಾಗಬಹುದೆಂಬ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಓಡುತ್ತಿತ್ತು. ಯಾರೂ ಮಾತಾಡಲಿಲ್ಲ.

"ಗಂಟು ನಮ್ಮನೇದೇ ಸ್ವಾಮಿ," ಎಂದರು ಭೀಮಕ್ಕ.

ಅವರನ್ನು ಕರೆದುಕೊಂಡು ಹೋಗಿ ಮರುದಿನ ಸಂಜೆವರೆಗೆ ಅರಣ್ಯ ಕಚೇರಿಯ ಜಗಲಿಯಲ್ಲಿ ಕೂರಿಸಿದ್ದರು. ಹೆಂಗಸು, ವಯಸ್ಸಾದವಳು ಎಂದು ಕೇಸು ಹಾಕದೆ ಬಿಟ್ಟರು. ಆದರೆ ಇನ್ನು ಮೇಲೆ ಆ ಗುಡ್ಡಕ್ಕೆ ಕಾಲಿಡುವುದಿಲ್ಲವೆಂದು ಕಾಗದ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಮುಂದಿನ ಎರಡನೇ ಭಾನುವಾರ ಯಾರೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆರು ತಿಂಗಳಿಗೆ ನನಗೆ ಹೊನ್ನಾಳಿಗೆ ವರ್ಗವಾಯಿತು. ನಿಜ ಹೇಳಬೇಕೆಂದರೆ ಅದನ್ನು ನಾನೇ ಕೇಳಿ ಪಡೆದಿದ್ದೆ.

ಆಮೇಲೆ ನಾಗರಾಜಪ್ಪನವರನ್ನು ನಾನು ಒಮ್ಮೆ ಕಂಡಿದ್ದೇನೆ, ನ್ಯಾಮತಿ ಬಸ್ಸಿನಲ್ಲಿ. ಟಿಕೆಟ್ ಹರಿದು ಕೊಡುವಾಗ ಗುರುತು ಹಿಡಿದರು.

"ಭೀಮಕ್ಕ ಹೆಂಗದಾರೆ?" ಎಂದರು.

"ಗುಡ್ಡ ಬಿಟ್ಟಿದ್ದಾರೆ," ಎಂದೆ.

"ಹೋಟ್ಲಿನೋರು ಹಕ್ಕಿ ಬೇಕು ಅಂತ ದಿನಾ ಕೇಳಾಕ್ ಹತ್ತಿದ್ರು. ಒಂದ್ಸಲ ಅಂತ ಕಟ್ಟಿದ್ದು ನಾನು," ಎಂದು ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. "ಡ್ಯೂಟಿ ಬದಲಾತು, ಮೂರು ದಿನ ಆ ಕಡೆ ಹೋಗಾಕೆ ಆಗಲಿಲ್ಲ." ಹಿಂದಿನ ಸೀಟುಗಳ ಕಡೆ ನಡೆದರು. ಇಳಿಯುವವರೆಗೂ ನನ್ನ ಕಡೆ ತಿರುಗಲಿಲ್ಲ.

ಈಗ, ನಾಲ್ಕು ವರ್ಷದ ಮೇಲೆ, ಬಡಿದ ನಾರನ್ನು ಜಾಲಿಗಿಡದ ಮೇಲೆ ಹರವಿ ಭೀಮಕ್ಕ ನೆರಳಿಗೆ ಬಂದು ಕೂರುತ್ತಾರೆ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ತಂಗಿ ಅಂಜಿನಮ್ಮನ ಮನೆಯ ಹಿಂಭಾಗದಲ್ಲಿ ಒಂದು ಕೋಣೆ ಅವರದು. ರೊಟ್ಟಿ, ಉಚ್ಚೆಳ್ಳಿನ ಚಟ್ನಿಯನ್ನು ನನ್ನ ಮುಂದೆಯೂ ಇಡುತ್ತಾರೆ. ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ.

"ನಿಮಗೆ ಅವತ್ತು ಗೊತ್ತಿತ್ತಾ ಭೀಮಕ್ಕ?"

"ಗೊತ್ತಿರದೇ ಏನು. ಎಡಗೈ ಗಂಟು. ನಾನೇ ಎದುರಿಗೆ ಕುಂತು ಕಲಿಸಿದ್ದು."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸುತ್ತಾರೆ. "ಹೇಳಿದ್ರೆ ಸತ್ತ ಹಕ್ಕಿ ಏಳ್ತಿದ್ವೇನ್ರೀ? ಕಟ್ಟಿ ಹೋಗಬ್ಯಾಡ ಅಂತ ನಾನು ಬಾಯಾಗೆ ಹೇಳ್ದೆ. ಅವ್ನು ನನ್ ಕೈಯಷ್ಟೇ ನೋಡ್ದ, ಮಾತು ಕೇಳ್ಲಿಲ್ಲ. ಕೈ ಕಲಿಸಿದೋಳು ನಾನಲ್ಲೇನು. ಹೊಸೆದಿದ್ದು ಅವ್ನಾದ್ರೂ ಗಂಟು ನಮ್ಮಪ್ಪಂದು. ಅದಕ್ಕೇ ನಮ್ಮನೇದು ಅಂದೆ, ಸುಳ್ಳು ಹೇಳ್ಲಿಲ್ಲ."

"ನಾವು ಮಾತಾಡಬೇಕಿತ್ತು," ಎನ್ನುತ್ತೇನೆ.

ಇರಲಿ ಬಿಡ್ರಿ ಎನ್ನುತ್ತಾರೆಂದು ನಾನು ಕಾಯುತ್ತೇನೆ. ಅವರು ನನ್ನ ಮುಖ ನೋಡಿ, "ಹೂಂ, ಮಾತಾಡಬೇಕಿತ್ತು," ಎನ್ನುತ್ತಾರೆ. ಅವರ ದನಿಯಲ್ಲಿ ಸಿಟ್ಟಿಲ್ಲ. ತಂಬಿಗೆಯ ನೀರು ನನ್ನ ಕಡೆ ಸರಿಸುತ್ತಾರೆ.

ಏನು ಆಸೆ ಎಂದು ಕೇಳಿದರೆ ಒಂದೇ ಮಾತು. "ಒಂದ್ಸಲ ಗುಡ್ಡ ಹತ್ತಬೇಕು. ಏನೂ ತರಾಕಲ್ಲ. ಗೌಜಗ ಕೂಗ್ತಾವೋ ಇಲ್ವೋ ಕೇಳಬೇಕು. ಇಲ್ಲಿಗೆ ಕೇಳ್ಸಾಕಿಲ್ಲ."

ಅರ್ಜಿ ಬರೆಯುವುದು ನನ್ನ ಕಸುಬು. ಅಲ್ಲೇ ಕೂತು ಬರೆದೆ. ಎಂಬತ್ತಮೂರರ ಏಪ್ರಿಲ್‌ನಲ್ಲಿ ಸಿಕ್ಕ ಉರುಲುಗಳನ್ನು ಭೀಮಕ್ಕ ಕಟ್ಟಿದ್ದಲ್ಲ, ಅದು ಅಂದೇ ನನಗೆ ತಿಳಿದಿತ್ತು, ನೌಕರಿಯ ಭಯದಿಂದ ಸುಮ್ಮನಿದ್ದೆ, ಅವರಿಗೆ ಹಾಕಿದ ನಿರ್ಬಂಧ ತೆಗೆಯಬೇಕು ಎಂದು ಬರೆದು ನನ್ನ ಹುದ್ದೆ ಸಮೇತ ಸಹಿ ಹಾಕಿದೆ. ಕಂಡಕ್ಟರ್ ಹೆಸರು ಬರೆಯಲಿಲ್ಲ. ಮರುದಿನ ಆ ಕಚೇರಿಗೆ ಹೋದೆ.

ಹಳೆಯ ಗಾರ್ಡ್‌ಗೆ ಎಂದೋ ವರ್ಗವಾಗಿತ್ತು. ಈಗಿರುವವರು ಒಳ್ಳೆಯ ಮನುಷ್ಯ. ಬೀರು ತೆಗೆದು ಆ ವರ್ಷದ ಕಡತಗಳನ್ನೆಲ್ಲ ನನ್ನೆದುರಿಗೇ ತಿರುವಿದರು. ಹೆಬ್ಬೆಟ್ಟಿನ ಕಾಗದ ಸಿಗಲಿಲ್ಲ. "ಅಂಥದ್ದು ಇಲ್ಲೇ ಇಲ್ಲವಲ್ರೀ. ಗುಡ್ಡಕ್ಕೆ ಹೋಗಿ ಕುಂತು ಬರೋ ಹೆಂಗಸನ್ನ ನಾವ್ಯಾಕೆ ತಡೆಯೋಣ? ಹೋಗಾಕೆ ಹೇಳ್ರಿ," ಎಂದು ಅರ್ಜಿಯನ್ನೂ ನನ್ನ ಕೈಗೆ ವಾಪಸ್ ಕೊಟ್ಟರು.

ಈ ನಾಲ್ಕು ವರ್ಷದಲ್ಲಿ ಯಾವ ದಿನ ಬಂದು ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತೇನೋ. ಬಸ್ಸು ಸಿಗುವವರೆಗೆ ನಾನು ಆ ಕಚೇರಿಯ ಜಗಲಿಯಲ್ಲೇ ಕೂತಿದ್ದೆ.

ಬಿಳಿಚೋಡಿಗೆ ಬಂದಾಗ ಭೀಮಕ್ಕ ಮನೆಯ ಮುಂದೆ ಕಾಲು ನೀಡಿ ಕೂತು, ತೊಡೆಯ ಮೇಲೆ ನಾರು ಹೊಸೆಯುತ್ತಿದ್ದಾರೆ. ನಡೆದದ್ದನ್ನೆಲ್ಲ ಹೇಳುತ್ತೇನೆ. ಅವರ ಕೈ ನಿಲ್ಲುವುದಿಲ್ಲ. ಎರಡು ವರ್ಷದಿಂದ ಅವರ ಬಲಮಂಡಿ ಬಾತುಕೊಂಡಿದೆ. ಅದನ್ನು ಒಮ್ಮೆ ಒತ್ತಿ ನೋಡಿಕೊಳ್ಳುತ್ತಾರೆ.

"ಮೊದಲನೇ ಬಂಡೆಗಂಟ ಹತ್ತಬೌದು. ಅದರ ಮ್ಯಾಲೆ ಆಗಾಕಿಲ್ಲ," ಎನ್ನುತ್ತಾರೆ.

ಕಾಗದವೇ ಇರಲಿಲ್ಲ, ಸುಮ್ಮನೆ ನಾಲ್ಕು ವರ್ಷ ಹೋಯಿತಲ್ಲ ಎಂದು ನಾನು ಪೇಚಾಡುತ್ತೇನೆ. ಭೀಮಕ್ಕ ಹೊಸೆದ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ ಪಕ್ಕಕ್ಕಿಡುತ್ತಾರೆ.

"ಕಾಗದ ಕಳಕಂಡಿದ್ದು ಅವ್ರು. ಹೆಬ್ಬೆಟ್ಟು ಒತ್ತಿದ್ದು ನಾನಲ್ಲೇನ್ರೀ? ಒತ್ತಿದ್ ಮ್ಯಾಲೆ ಒಂದಿನಾನೂ ಹೋಗ್ಲಿಲ್ಲ. ಮಾತಿನಂಗೆ ನಡಕಂಡೀನಿ."