ಅಳುಮುಂಜಿಯ ಪಾಳಿ

ವಿಶ್ವವಿದ್ಯಾಲಯದಲ್ಲಿ ಸೂಲಗಿತ್ತಿ ವಿದ್ಯೆ ಕಲಿಯುವ ಹುಡುಗಿಯರಿಗೆ ಪಾಠ ಹೇಳುವ ಮೇಡಂ ಎಂದರೆ ಎದೆ ಢವಢವ. ಹಾಗೆಂದು ಅವರ ಡ್ರಾಯರಿನ ಬಿಸ್ಕತ್ತನ್ನು ಕೇಳದೆ ತಿನ್ನಲು ಯಾರೂ ಹಿಂಜರಿಯುತ್ತಿರಲಿಲ್ಲ. ಬಟ್ಟೆಯ ಗೊಂಬೆ ಹಿಡಿದು ಮೇಡಂ ಹೆರಿಗೆಯ ಪಾಠ ಮಾಡುವಾಗ ತರಗತಿ ನಗುನಗುತ್ತಲೇ ಕಲಿಯುತ್ತಿತ್ತು. ಒಂದೇ ಒಂದು ಪಾಠಕ್ಕೆ ನಗು ಬರುತ್ತಿರಲಿಲ್ಲ. ಅದು ಉಸಿರಿಲ್ಲದೆ ಹುಟ್ಟಿದ ಮಗುವನ್ನು ತಾಯಿಯ ಕೈಗೆ ಕೊಡುವ ಪಾಠ.

"'ಇನ್ನೊಂದಾಗುತ್ತೆ ಬಿಡು' ಅಂದ್ರೋ, ನಾಲಿಗೆ ಕಿತ್ತು ಕೈಗೆ ಕೊಡ್ತೀನಿ," ಎನ್ನುತ್ತಿದ್ದರು ಮೇಡಂ. "ನೋಡ್ಬೇಡ ಅಂತಲೂ ಅನ್ಬೇಡಿ. ಮಗು ಅವಳದು. ನೋಡೋದು ಬಿಡೋದು ಅವಳಿಷ್ಟ."

ಈ ಪಾಠ ಬಂದಾಗಲೆಲ್ಲ ಒಬ್ಬಳು ಅತ್ತು ಅತ್ತು ಗೊಂಬೆಯನ್ನೇ ತೋಯಿಸಿಬಿಡುತ್ತಿದ್ದಳು. ಗೆಳತಿಯರು ಅವಳಿಗೆ ಅಳುಮುಂಜಿ ಎಂದು ಹೆಸರಿಟ್ಟರು. ಓದು ಬಿಟ್ಟು ಹೋಗುತ್ತೇನೆ ಎಂದು ಅವಳು ಗಂಟು ಕಟ್ಟಿದಾಗ ತಡೆದವರು ಮೇಡಂ. "ಅಳು ಬಂದ್ರೆ ಅಳು. ಅಳ್ತಾನೇ ಕೆಲಸ ಮಾಡು," ಎಂದು ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಮಾಡಿಸಿದರು.

ಆ ವರ್ಷವೇ ಮೇಡಂ ಅವರ ಒಬ್ಬಳೇ ಮಗಳಿಗೆ ದಿನ ತುಂಬಿತು. ಆದರೆ ನೋವು ಶುರುವಾಗುವ ಮೊದಲೇ ಮಗುವಿನ ಅಲುಗಾಟ ನಿಂತಿತ್ತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಗಂಡು ಮಗು, ಅಳಲಿಲ್ಲ. ಹಿರಿಯ ನರ್ಸಿನ ಜೊತೆ ಅಂದಿನ ಪಾಳಿಯಲ್ಲಿದ್ದವಳು ಅಳುಮುಂಜಿ.

"ಅಮ್ಮಾ, ತೋರಿಸು," ಎಂದಳು ಮಗಳು.

ಊರಿಗೆಲ್ಲ ಬುದ್ಧಿ ಹೇಳಿದ ಹೆಂಗಸಿಗೆ ತನ್ನ ಬುದ್ಧಿಯೇ ಕೈಕೊಟ್ಟಿತು. ಹೆತ್ತ ಕರುಳು ಶಾಸ್ತ್ರ ಕೇಳುತ್ತದೆಯೇ? ತೊಟ್ಟಿಲಿಗೆ ಅಡ್ಡ ನಿಂತು, "ಬೇಡ ಕಣೇ. ನೋಡಿದ್ರೆ ಜನ್ಮದಲ್ಲಿ ಮರೆಯೋಕಾಗಲ್ಲ. ಇನ್ನೊಂದಾಗುತ್ತೆ ಬಿಡು," ಎಂದುಬಿಟ್ಟರು. ಮಗಳು ಗೋಡೆಯತ್ತ ಹೊರಳಿದಳು. ಸಂಜೆಗೆ ಮಗುವನ್ನು ಮಣ್ಣು ಮಾಡಲು ಒಯ್ಯುವವರಿದ್ದರು. ಈಗ ನೋಡದಿದ್ದರೆ ಇನ್ನು ನೋಡುವಂತಿರಲಿಲ್ಲ.

ಅಳುಮುಂಜಿಯ ಕಣ್ಣಲ್ಲಿ ಧಾರಾಕಾರ ನೀರು. ಆದರೂ ಮೇಡಂ ಅವರ ಮೊಳಕೈ ಹಿಡಿದು, "ಮೇಡಂ, ನೀವು ಸ್ವಲ್ಪ ಕೂತ್ಕೊಳ್ಳಿ," ಎಂದು ಕುರ್ಚಿಯವರೆಗೆ ನಡೆಸಿಕೊಂಡು ಹೋದಳು. ಆಮೇಲೆ ಮಗುವನ್ನೆತ್ತಿಕೊಂಡು ಮಂಚದ ಪಕ್ಕ ಕೂತಳು.

"ಅಕ್ಕಾ, ಇವನಿಗೆ ತಲೆ ತುಂಬ ಕೂದಲು. ನಾನಿಲ್ಲೇ ಇರ್ತೀನಿ. ನಿಮಗೆ ಬೇಕು ಅನ್ನಿಸಿದಾಗ ಹೇಳಿ, ಅನ್ನಿಸದಿದ್ರೂ ಪರವಾಗಿಲ್ಲ."

ಬಹಳ ಹೊತ್ತಿನ ಮೇಲೆ ಮಗಳು ಈಚೆಗೆ ತಿರುಗಿ ಕೈ ಚಾಚಿದಳು. ಮಗುವಿನ ಕಿವಿ ಸವರಿದಳು, ಮುಚ್ಚಿದ ಮುಷ್ಟಿಯನ್ನು ಬಿಡಿಸಿ ತನ್ನ ಬೆರಳಿಟ್ಟಳು, ಅವನಿಗೆ ಏನೇನೋ ಹೇಳಿದಳು. ಕುರ್ಚಿಯಲ್ಲಿದ್ದ ಮೇಡಂಗೆ ಒಂದು ಮಾತೂ ಕೇಳಿಸಲಿಲ್ಲ. ಹತ್ತಿರ ಹೋಗಲು ನಾಚಿಕೆ ಬಿಡಲಿಲ್ಲ.

ಒಯ್ಯುವವರು ಬಂದು ಬಾಗಿಲಲ್ಲಿ ನಿಂತಾಗ ಮಾತ್ರ ಮೇಡಂ ತಡೆಯಲಾರದೆ ಎದ್ದು ಬಂದರು. "ಕೊಡೇ, ನಾನೂ ಒಂದ್ಸಲ ಎತ್ಕೊಳ್ತೀನಿ," ಎಂದು ಎರಡೂ ಕೈ ಒಡ್ಡಿದರು.

ಮಗಳು ಅವರ ಮುಖ ನೋಡಲಿಲ್ಲ. ಮಗುವನ್ನು ಎದೆಗೊಮ್ಮೆ ಒತ್ತಿಕೊಂಡು, ಅಮ್ಮನ ಕೈಗಳನ್ನು ದಾಟಿಸಿ, ಅಳುಮುಂಜಿಯ ಕೈಗೆ ಕೊಟ್ಟಳು.